ಹಳೆಯ ಹಾಟ್ ಹ್ಯಾಚ್: ಮೀಟರ್ ಹೇಳದ ವಯಸ್ಸು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಗಾಡಿ ಎಷ್ಟು ಓಡಿದೆ? ಸಾಮಾನ್ಯ ಕಾರಿಗೆ ಈ ಪ್ರಶ್ನೆ ಒಂದು ಮಟ್ಟಕ್ಕೆ ಸಾಕು. ಆದರೆ ಜೋರಾಗಿ ಓಡಲೆಂದೇ ಮಾಡಿದ, ಹದಿನೈದು ಇಪ್ಪತ್ತು ವರ್ಷ ದಾಟಿದ ಸಣ್ಣ ಕಾರಿನ, ಅಂದರೆ ಹಳೆಯ ಹಾಟ್ ಹ್ಯಾಚ್‌ನ ಮಟ್ಟಿಗೆ ಇದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಇಂಥ ಕಾರನ್ನು ಸವೆಸುವುದು ಕಾಲ, ಬಿಸಿ ಮತ್ತು ಆಕ್ಸಿಲರೇಟರ್ ಒತ್ತಿದ ಕಾಲು. ಮೀಟರ್ ಇವನ್ನು ಲೆಕ್ಕ ಇಡುವುದಿಲ್ಲ.

ಮೊದಲ ಕಾರೇ ಇಂಥದ್ದಿರಲಿ ಅನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ಹಗುರ ಮೈ, ಚುರುಕು ಇಂಜಿನ್, ರಸ್ತೆಯ ಪ್ರತಿ ಏರಿಳಿತವನ್ನೂ ಕೈಗೆ ಮುಟ್ಟಿಸುವ ಸ್ಟಿಯರಿಂಗ್. ಗಾಡಿಯ ಸ್ವಭಾವ ಏನು ಅಂತ ಇದರಲ್ಲಿ ಗೊತ್ತಾಗುವಷ್ಟು ಬೇಗ ಬೇರೆ ಕಾರುಗಳಲ್ಲಿ ಗೊತ್ತಾಗುವುದಿಲ್ಲ. ಈ ಜಾತಿಗೆ ಹೆಸರು ತಂದುಕೊಟ್ಟದ್ದು 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1.6 ಲೀಟರ್ ಇಂಜಿನ್, 110 ಅಶ್ವಶಕ್ತಿ, ತೂಕ 800 ಕಿಲೋ ಚಿಲ್ಲರೆ. 1984ರಲ್ಲಿ ಪೂಜೋ 205 ಜಿಟಿಐ ಬಂತು. 1997ರಲ್ಲಿ ಹೋಂಡಾ ತನ್ನ ಸಿವಿಕ್ ಟೈಪ್ ಆರ್‌ನಲ್ಲಿ ಅದೇ 1.6 ಲೀಟರಿನಿಂದ, ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇಲ್ಲದೆಯೇ, 185 ಅಶ್ವಶಕ್ತಿ ತೆಗೆಯಿತು. ಎಲ್ಲದರಲ್ಲೂ ಸೂತ್ರ ಒಂದೇ: ಮನೆಮಂದಿ ಓಡಾಡುವ ಸಣ್ಣ ಕಾರಿಗೆ ಜಾಸ್ತಿ ಶಕ್ತಿಯ ಇಂಜಿನ್ ಕೂರಿಸುವುದು, ಸಸ್ಪೆನ್ಷನ್ ಬಿಗಿ ಮಾಡುವುದು, ಬ್ರೇಕ್ ದೊಡ್ಡದು ಮಾಡುವುದು. ಹೀಗೆ ಮಾಡಿದಾಗ ಪ್ರತಿ ಭಾಗವೂ ತನ್ನ ಮಿತಿಗೆ ಸ್ವಲ್ಪ ಹತ್ತಿರದಲ್ಲೇ ಕೆಲಸ ಮಾಡುತ್ತದೆ. ಸಾಮಾನ್ಯ ಕಾರು ಸಹಿಸಿಕೊಳ್ಳುವ ಅಸಡ್ಡೆಯನ್ನು ಇದು ಸಹಿಸುವುದಿಲ್ಲ.

ಇಂಜಿನ್ನಿಂದ ಶುರು ಮಾಡೋಣ. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾಡುವ ಕ್ರ್ಯಾಂಕ್ ಶಾಫ್ಟ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಪ್ರತಿ ಪಿಸ್ಟನ್ ಒಂದು ಸೆಕೆಂಡಿನಲ್ಲಿ 100 ಸಲ ಮೇಲೇರಿ 100 ಸಲ ಇಳಿಯಬೇಕು. ತುದಿ ಮುಟ್ಟಿದಾಗಲೆಲ್ಲ ಪೂರ್ತಿ ನಿಂತು ವಾಪಸ್ ಹೊರಡಬೇಕು. ಹಾಗೆ ಹಿಡಿದು ನಿಲ್ಲಿಸಿ ತಿರುಗಿಸಲು ಬೇಕಾದ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 4000ದಿಂದ 8000ಕ್ಕೆ ಹೋದರೆ ಬಲ ನಾಲ್ಕು ಪಟ್ಟಾಗುತ್ತದೆ. ಈ ಹೊಡೆತವನ್ನೆಲ್ಲ ತಡೆಯುವುದು ಬೇರಿಂಗ್ ಮತ್ತು ಶಾಫ್ಟಿನ ನಡುವೆ ಇರುವ, ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರ. ಪದರ ಇದ್ದಷ್ಟು ಹೊತ್ತು ಲೋಹ ಲೋಹವನ್ನು ಮುಟ್ಟುವುದಿಲ್ಲ. ಅದು ಹರಿದರೆ ಬೇರಿಂಗ್ ಹಾಳಾಗಲು ಬಹಳ ಹೊತ್ತು ಬೇಡ.

ಹಾಗಾಗಿ ಕಾರು ನೋಡಲು ಹೋದಾಗ ನಾನು ಮೊದಲು ಎಳೆದು ನೋಡುವುದು ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ. ಎಣ್ಣೆ ಕಪ್ಪಗಿದೆ ಅನ್ನುವುದು ದೊಡ್ಡ ಸಮಸ್ಯೆಯಲ್ಲ. ಕೆಲಸ ಮಾಡಿದ ಎಣ್ಣೆ ಕಪ್ಪಾಗಿಯೇ ಆಗುತ್ತದೆ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದೆಯಾ ಅನ್ನುವುದು ಮುಖ್ಯ. ಜಾಸ್ತಿ ಆರ್‌ಪಿಎಂನ ಇಂಜಿನ್‌ಗಳು ಒಂದಿಷ್ಟು ಎಣ್ಣೆ ಕುಡಿಯುವುದು ಸಹಜ. ಅದನ್ನು ತುಂಬಿಸದೆ ಓಡಿಸುವುದು ಅಪಾಯ. ಮಟ್ಟ ಕಡಿಮೆ ಇರುವಾಗ ತಿರುವಿನಲ್ಲಿ ಜೋರಾಗಿ ಹೋದರೆ ಎಣ್ಣೆ ತೊಟ್ಟಿಯ ಒಂದು ಬದಿಗೆ ಸರಿಯುತ್ತದೆ. ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಹೋಂಡಾದ ವಿಟೆಕ್ ಇಂಜಿನ್‌ನಲ್ಲಿ ಎಣ್ಣೆಗೆ ಇನ್ನೊಂದು ಕೆಲಸವೂ ಇದೆ. ಆರ್‌ಪಿಎಂ ಏರಿದಾಗ ಎಣ್ಣೆಯ ಒತ್ತಡವೇ ಸಣ್ಣ ಪಿನ್ನುಗಳನ್ನು ತಳ್ಳಿ ವಾಲ್ವ್ ಒತ್ತುವ ತೋಳುಗಳಾದ ರಾಕರ್‌ಗಳನ್ನು ಜೋಡಿಸುತ್ತದೆ. ಆಗ ವಾಲ್ವ್‌ಗಳು ಜಾಸ್ತಿ ಎತ್ತರಕ್ಕೆ, ಜಾಸ್ತಿ ಹೊತ್ತು ತೆರೆದುಕೊಳ್ಳುತ್ತವೆ. ಎಣ್ಣೆ ಸಾಲದಿದ್ದರೆ ಆ ಬದಲಾವಣೆ ಆಗುವುದೇ ಇಲ್ಲ, ಇಂಜಿನ್ ಮೇಲಿನ ಆರ್‌ಪಿಎಂನಲ್ಲಿ ಮಂಕಾಗುತ್ತದೆ.

ಟರ್ಬೊ ಇರುವ ಕಾರಿನಲ್ಲಿ ಎಣ್ಣೆಯ ಪಾಡು ಇನ್ನೂ ಕಷ್ಟ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಅದೂ ಕೆಂಪಗೆ ಕಾಯುವಷ್ಟು ಬಿಸಿಯ ಹೊಗೆಯ ಪಕ್ಕದಲ್ಲೇ. ಜೋರಾಗಿ ಓಡಿಸಿ ಬಂದು ತಕ್ಷಣ ಇಂಜಿನ್ ಆಫ್ ಮಾಡಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಬಿಸಿ ಮಾತ್ರ ನಿಲ್ಲುವುದಿಲ್ಲ. ಒಳಗೆ ಉಳಿದ ಎಣ್ಣೆ ಸೀದು ಕರಕಲಾಗಿ ಸಣ್ಣ ದಾರಿಗಳಲ್ಲಿ ಕಟ್ಟಿಕೊಳ್ಳುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಬರುವುದೇ ಇದಕ್ಕೆ ಪರಿಹಾರ. ಹಿಂದಿನ ಮಾಲೀಕರು ಹಾಗೆ ಮಾಡುತ್ತಿದ್ದರಾ ಅಂತ ಸುಮ್ನೆ ಮಾತಿನ ನಡುವೆ ಕೇಳಿ ನೋಡಿ. ಉತ್ತರಕ್ಕಿಂತ ಅವರ ಮುಖ ಜಾಸ್ತಿ ಹೇಳುತ್ತದೆ.

ಇನ್ನು ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಶಾಫ್ಟ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದಕ್ಕೊಂದು ತಾಳ ತಪ್ಪದಂತೆ ಜೋಡಿಸುವ ಹಲ್ಲಿನ ಪಟ್ಟಿ ಇದು. ರಬ್ಬರಿನ ಒಳಗೆ ಗಾಜಿನ ನಾರು ಹೆಣೆದಿರುತ್ತಾರೆ. ಈ ಇಂಜಿನ್‌ಗಳಲ್ಲಿ ಬಹಳಷ್ಟು ಇಂಟರ್‌ಫಿಯರೆನ್ಸ್ ಮಾದರಿಯವು. ಅಂದರೆ ತೆರೆದ ವಾಲ್ವ್ ಇಳಿದು ಬರುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತದೆ, ಬೇರೆ ಬೇರೆ ಹೊತ್ತಿನಲ್ಲಿ. ಬೆಲ್ಟ್ ಹರಿದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ವಾಲ್ವ್‌ಗಳು ಬಾಗುತ್ತವೆ, ಕೆಲವು ಸಲ ಪಿಸ್ಟನ್ನೂ ತೂತಾಗುತ್ತದೆ. ಬೆಲ್ಟ್ ಬದಲಿಸಲು ತಯಾರಕರು ಕಿಲೋಮೀಟರ್ ಜೊತೆಗೆ ವರ್ಷದ ಲೆಕ್ಕವನ್ನೂ ಕೊಡುವುದು ಯಾಕೆ ಗೊತ್ತಾ? ನಿಂತ ಗಾಡಿಯಲ್ಲೂ ರಬ್ಬರು ಗಾಳಿಯ ಆಮ್ಲಜನಕ ಮತ್ತು ಬಿಸಿಯಿಂದ ಗಟ್ಟಿಯಾಗುತ್ತಾ, ಬಿರುಕು ಬಿಡುತ್ತಾ ಇರುತ್ತದೆ. 'ಕಡಿಮೆ ಓಡಿದೆ, ಬೆಲ್ಟ್ ಇನ್ನೂ ಮುಟ್ಟಿಲ್ಲ' ಅಂತ ಮಾರುವವರು ಖುಷಿಯಿಂದ ಹೇಳಿದರೆ ಅದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಬೇಡಿ. ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಬಿಲ್ಲು ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಅಂದುಕೊಂಡು ಖರ್ಚಿನ ಲೆಕ್ಕ ಹಾಕಿ. ಬೆಲ್ಟ್ ಜೊತೆಗೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ, ಬೆಲ್ಟೇ ವಾಟರ್ ಪಂಪ್ ತಿರುಗಿಸುತ್ತಿದ್ದರೆ ಅದನ್ನೂ ಬದಲಿಸುವುದು ಜಾಣತನ. ಒಂದೇ ಸಲ ಬಿಚ್ಚಿದ ಕೂಲಿಯಲ್ಲಿ ಮೂರು ಕೆಲಸ ಮುಗಿಯುತ್ತದೆ.

ನೋಡಲು ಹೋಗುವ ಮೊದಲು ಫೋನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ, ನಾವು ಬರುವ ತನಕ ತಣ್ಣಗಿರಲಿ ಅಂತ ಕೇಳಿಕೊಳ್ಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ತಣ್ಣಗಿರುವಾಗ ಮಾತ್ರ ಕೇಳಿಸುವ ಸದ್ದುಗಳಿವೆ, ಕಾಣುವ ಹೊಗೆ ಇದೆ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ. ಓಡುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಮತ್ತೆ ಒತ್ತಿದಾಗ ನೀಲಿ ಮೋಡ ಬಂದರೆ ಅನುಮಾನ ವಾಲ್ವ್ ಸೀಲ್ ಮೇಲೆ. ಕಾಲು ತೆಗೆದಾಗ ಸಿಲಿಂಡರಿನೊಳಗೆ ಒತ್ತಡ ಕುಸಿದು, ಸವೆದ ಸೀಲಿನ ಸಂದಿಯಿಂದ ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ. ಜೋರಾಗಿ ಎಳೆಯುವಾಗಲೇ ಒಂದೇ ಸಮನೆ ನೀಲಿ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಅದು ದೊಡ್ಡ ಕೆಲಸ.

ಬಿಳಿ ಹೊಗೆ ತಣ್ಣಗಿನ ಬೆಳಗ್ಗೆ ಸ್ವಲ್ಪ ಹೊತ್ತು ಬಂದರೆ ಬರೀ ನೀರಿನ ಆವಿ. ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಸಿಲಿಂಡರಿನ ಮೇಲ್ಭಾಗವನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿ, ಇಂಜಿನ್ ತಣ್ಣಗಿಡುವ ಕೂಲಂಟ್ ಸಿಲಿಂಡರಿನೊಳಗೆ ಸೇರುತ್ತಿರಬಹುದು. ಇದನ್ನು ಪತ್ತೆ ಮಾಡುವ ಪರೀಕ್ಷೆ ನನಗೆ ಬಹಳ ಇಷ್ಟ. ರೇಡಿಯೇಟರ್ ಬಾಯಿಗೆ ಒಂದು ಕೊಳವೆ ಕೂರಿಸುತ್ತಾರೆ. ಅದರಲ್ಲಿ ನೀಲಿ ಬಣ್ಣದ ದ್ರವ ಇರುತ್ತದೆ. ಇಂಜಿನ್ ಓಡುವಾಗ ಕೂಲಂಟಿನ ಮೇಲಿನ ಗಾಳಿಯನ್ನು ಆ ದ್ರವದ ಮೂಲಕ ಹೀರುತ್ತಾರೆ. ಸಿಲಿಂಡರಿನಿಂದ ಅನಿಲ ಸೋರುತ್ತಿದ್ದರೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದು ದ್ರವದಲ್ಲಿ ಕರಗಿ ಆಮ್ಲವಾಗುತ್ತದೆ, ನೀಲಿ ಬಣ್ಣ ಹಸಿರಾಗಿ ಹಳದಿಗೆ ತಿರುಗುತ್ತದೆ. ಇಂಜಿನ್ ಬಿಚ್ಚದೆ, ಕೆಲವೇ ನಿಮಿಷದಲ್ಲಿ, ಕಣ್ಣೆದುರಿಗೇ ಉತ್ತರ. ಜೊತೆಗೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಕೂಡ ಮಾಡಿಸಿದರೆ ಇಂಜಿನ್ನಿನ ಜಾತಕ ಅರ್ಧ ಸಿಕ್ಕ ಹಾಗೆ. ಅದರಲ್ಲಿ ಅಂಕಿ ಎಷ್ಟು ಅನ್ನುವಷ್ಟೇ ಮುಖ್ಯ, ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇವೆಯಾ ಅನ್ನುವುದು.

ಇನ್ನೊಂದು ಉಪಾಯ ಇದೆ, ಇದು ಕಂಪ್ಯೂಟರ್ ಇರುವ ಕಾರುಗಳಿಗೆ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇಂಜಿನ್ ಕಂಪ್ಯೂಟರಿನ ದೋಷದ ದಾಖಲೆ ಓದಲು ಒಬಿಡಿ ಅನ್ನುವ ಒಂದೇ ತರದ ಸಾಕೆಟ್ ಕಡ್ಡಾಯವಾಯಿತು. ಸ್ಕ್ಯಾನರ್ ಹಾಕಿದಾಗ ಯಾವ ದೋಷವೂ ಕಾಣಲಿಲ್ಲ ಅಂತ ಸಮಾಧಾನಪಡಬೇಡಿ. ರೆಡಿನೆಸ್ ಅನ್ನುವ ಭಾಗ ನೋಡಿ. ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಮುಗಿಸಿದೆಯಾ ಅಂತ ಅದು ಹೇಳುತ್ತದೆ. ದೋಷದ ಕೋಡುಗಳನ್ನು ಅಳಿಸಿದರೆ ಈ ದಾಖಲೆಯೂ ಅಳಿಸಿಹೋಗುತ್ತದೆ. ಮತ್ತೆ ಪೂರ್ತಿಯಾಗಲು ಬೇರೆ ಬೇರೆ ತರದ ರಸ್ತೆಯಲ್ಲಿ ಓಡಬೇಕು. ಎಲ್ಲವೂ 'ಮುಗಿದಿಲ್ಲ' ಅಂತ ತೋರಿಸುತ್ತಿದ್ದರೆ ಯಾರೋ ಇತ್ತೀಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು.

ತುಕ್ಕಿನ ಬಗ್ಗೆ ಇಷ್ಟೇ ಹೇಳುತ್ತೇನೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಅದಕ್ಕೇ ಬಣ್ಣ ಗುಳ್ಳೆಯಂತೆ ಏಳುತ್ತದೆ. ಹೊರಗೆ ಸಣ್ಣ ಗುಳ್ಳೆ ಕಂಡರೆ ಒಳಗಿನಿಂದ ಆಗಲೇ ಬಹಳ ತಿಂದಿದೆ ಅಂತ ಅರ್ಥ. ಬಾಗಿಲ ಕೆಳಗಿನ ಸಿಲ್, ಸಸ್ಪೆನ್ಷನ್ ಕೂರುವ ಜಾಗ ಇಲ್ಲೆಲ್ಲ ತುಕ್ಕಿದ್ದರೆ ಆ ಕಾರು ಬೇಡ. ಇಂಜಿನ್ ಬದಲಿಸಬಹುದು, ಕೊಳೆತ ಮೈಯನ್ನು ಬದಲಿಸಲಾಗದು.

ಮಾಡಿಫೈ ಮಾಡಿದ ಕಾರಿನ ಬಗ್ಗೆಯೂ ನನ್ನ ಅಭಿಪ್ರಾಯ ಖಚಿತ. ಮೊದಲ ಕಾರಿಗೆ ಅದು ಬೇಡವೇ ಬೇಡ. ಟರ್ಬೊ ಇಂಜಿನ್ನಿನ ಕಂಪ್ಯೂಟರ್ ರೀಮ್ಯಾಪ್ ಮಾಡಿ (ಅದರ ಲೆಕ್ಕಾಚಾರ ಬದಲಿಸಿ) ಟರ್ಬೊದ ಒತ್ತಡ ಏರಿಸಿದರೆ ಶಕ್ತಿ ಸುಲಭವಾಗಿ ಏರುತ್ತದೆ. ಆದರೆ ಕ್ಲಚ್, ಗೇರ್‌ಬಾಕ್ಸ್, ಕೂಲಿಂಗ್ ಹಳೆಯವೇ. ಥಳಥಳ ಹೊಳೆಯುವ ಚಕ್ರ, ದೊಡ್ಡ ಸದ್ದಿನ ಸೈಲೆನ್ಸರ್ ಇರುವ ಕಾರಿಗಿಂತ, ಕಂಪನಿಯಿಂದ ಬಂದ ಹಾಗೇ ಇರುವ, ಬಣ್ಣ ಸ್ವಲ್ಪ ಮಾಸಿದ, ಬಿಲ್ಲುಗಳ ಕಟ್ಟು ಇರುವ ಕಾರು ಎಷ್ಟೋ ಮೇಲು.

ಕೊಂಡಾಯಿತು ಅಂದುಕೊಳ್ಳಿ. ಮೊದಲ ಖರ್ಚು ಎಲ್ಲಿಗೆ? ಬೆಲ್ಟಿನ ಜೊತೆಗೇ ಬ್ರೇಕ್ ಮತ್ತು ಟೈರಿಗೆ, ಅನುಮಾನವೇ ಬೇಡ. 1200 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 4.6 ಲಕ್ಷ ಜೂಲ್. ಸುಮಾರು ಒಂದೂವರೆ ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಅಷ್ಟು ಸಾಕು. ಒಂದು ಸಲ ಪೂರ್ತಿ ನಿಲ್ಲಿಸಿದರೆ ಅದರಲ್ಲಿ ಬಹುಪಾಲು ಬ್ರೇಕ್ ಡಿಸ್ಕಿಗೆ ಬಿಸಿಯಾಗಿ ಹೋಗುತ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಆ ಬಿಸಿ ಬ್ರೇಕ್ ಆಯಿಲ್ ತನಕ ಏರುತ್ತದೆ.

ಈ ಆಯಿಲ್ ಗ್ಲೈಕಾಲ್ ಜಾತಿಯದ್ದು, ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಇದಕ್ಕಿದೆ. ರಬ್ಬರ್ ಹೋಸಿನ ಮೂಲಕವೂ ತೇವ ನಿಧಾನಕ್ಕೆ ಒಳಗೆ ಬರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ಅದೇ ಆಯಿಲಿಗೆ ಶೇಕಡ 3.7ರಷ್ಟು ನೀರು ಸೇರಿದಾಗಿನ ಮಿತಿ 155 ಡಿಗ್ರಿ. ಎಪ್ಪತ್ತೈದು ಡಿಗ್ರಿ ಕಮ್ಮಿ, ಬರೀ ಅಷ್ಟು ನೀರಿಗೆ! ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅನ್ನುವುದು ಇದಕ್ಕೇ. ಕಾರು ಓಡಲಿ, ನಿಂತಿರಲಿ, ತೇವ ಸೇರುತ್ತಲೇ ಇರುತ್ತದೆ.

ಟೈರಿನ ಬದಿಯಲ್ಲಿ DOT ಅಂತ ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳ ಇದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯ ಸಣ್ಣ ಉಬ್ಬುತಗ್ಗಿಗೆ ಅಂಟಿಕೊಳ್ಳುವುದಿಲ್ಲ. ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳದ್ದೂ ಇದೇ ಕಥೆ. ಅವನ್ನೂ ಶಾಕ್ ಅಬ್ಸಾರ್ಬರ್‌ಗಳನ್ನೂ ಹೊಸದು ಹಾಕಿಸಿದ ದಿನ ಹಳೆಯ ಕಾರು ಸ್ಟಿಯರಿಂಗಿನಲ್ಲಿ ಎಷ್ಟು ಚುರುಕಾಗುತ್ತದೆ ಅಂದರೆ, ಇಪ್ಪತ್ತು ಅಶ್ವಶಕ್ತಿ ಜಾಸ್ತಿ ಮಾಡಿಸಿದರೂ ಆ ಖುಷಿ ಸಿಗುವುದಿಲ್ಲ.

ಓಡಿಸುವಾಗಲೂ ಒಂದೆರಡು ವಿಷಯ ತಿಳಿದಿರಬೇಕು. ಮೀಟರಿನ ತಾಪಮಾನದ ಮುಳ್ಳು ತೋರಿಸುವುದು ಕೂಲಂಟಿನ ಬಿಸಿ. ಎಣ್ಣೆ ಅದಕ್ಕಿಂತ ತಡವಾಗಿ ಕಾಯುತ್ತದೆ. ಮುಳ್ಳು ಮಧ್ಯಕ್ಕೆ ಬಂದ ಮೇಲೂ ಇನ್ನೊಂದಿಷ್ಟು ದೂರ ತಾಳ್ಮೆ ಇರಲಿ, ಆಮೇಲೆ ಜೋರಾಗಿ ಆಕ್ಸಿಲರೇಟರ್ ಕೊಡಿ. ಸಣ್ಣ ಸಣ್ಣ ದೂರಕ್ಕೆ ಮಾತ್ರ ಓಡುವ ಕಾರಿನಲ್ಲಿ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ. ಅದರಲ್ಲಿ ಪೆಟ್ರೋಲ್, ನೀರು ಸೇರಿಕೊಂಡು ಹಾಗೇ ಉಳಿಯುತ್ತವೆ. ಅಂಥ ಕಾರಿಗೆ ಕಿಲೋಮೀಟರ್ ಲೆಕ್ಕ ಮರೆತು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ.

ಇನ್ನೊಂದು, ತಿರುವು. ಈ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರದಿಂದ ಎಳೆಯುವವು. ಅದೇ ಎರಡು ಟೈರು ಎಳೆಯಬೇಕು, ತಿರುಗಿಸಲೂ ಬೇಕು. ಒಂದು ಟೈರಿನ ಹಿಡಿತಕ್ಕೆ ಮಿತಿ ಇದೆ, ಎಳೆಯಲು ಜಾಸ್ತಿ ಖರ್ಚಾದರೆ ತಿರುಗಲು ಕಮ್ಮಿ ಉಳಿಯುತ್ತದೆ. ಹಾಗಾಗಿ ತಿರುವಿನಲ್ಲಿ ಜಾಸ್ತಿ ಒತ್ತಿದರೆ ಮೂತಿ ಹೊರಗೆ ಜಾರುತ್ತದೆ. ಆಗ ಗಾಬರಿಯಾಗಿ ಕಾಲು ಪಟ್ಟನೆ ತೆಗೆದರೆ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ತೂಕ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರುಗಳು ಹಗುರಾಗಿ ಹಿಡಿತ ಕಳೆದುಕೊಳ್ಳುತ್ತವೆ, ಹಿಂಭಾಗ ತಿರುಗಿ ಬರುತ್ತದೆ. ಪೂಜೋ 205 ಜಿಟಿಐ ಈ ಗುಣಕ್ಕೇ ಹೆಸರಾದ ಕಾರು. ಇದನ್ನು ತಾನಾಗಿಯೇ ಹಿಡಿದು ಸರಿಪಡಿಸುವ ಸ್ಟೆಬಿಲಿಟಿ ಕಂಟ್ರೋಲ್ ಯುರೋಪಿನ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2014ರ ಹೊತ್ತಿಗೆ. ಎಂಬತ್ತು, ತೊಂಬತ್ತರ ದಶಕದ ಹಾಟ್ ಹ್ಯಾಚ್‌ಗಳಲ್ಲಿ ಬಹುತೇಕ ಅದಿಲ್ಲ. ಕೆಲವದರಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಇಲ್ಲ. ಅಂಥ ಕಾರು ಕೊಂಡವರು ಟರ್ಬೊ, ಸೈಲೆನ್ಸರ್ ಅಂತ ಯೋಚಿಸುವ ಮೊದಲು, ಬೇರೆ ವಾಹನ ಬಾರದ ಮುಚ್ಚಿದ ಮೈದಾನದಲ್ಲಿ, ಒದ್ದೆ ನೆಲದ ಮೇಲೆ, ಅನುಭವಿ ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದಿನ ಕಳೆಯಬೇಕು. ಹಿಂಭಾಗ ಜಾರಲು ಶುರುವಾಗುವ ಆ ಕ್ಷಣವನ್ನು ಸೊಂಟ ಗುರುತಿಸುವ ತನಕ ಸಾರ್ವಜನಿಕ ರಸ್ತೆಯ ತಿರುವಿನಲ್ಲಿ ವೇಗ ಬೇಡ.