ಟ್ರೂತ್ ಟೇಬಲ್‌ನಿಂದ ಡಿಎನ್‌ಎಫ್: 0 ಇದ್ದಲ್ಲಿ ಬಾರ್ ಯಾಕೆ?

ಲೆಕ್ಕ ಇದು: ಎಫ್ = (ಎ + ಬಿ)·(ಎ′ + ಸಿ). ಇಲ್ಲಿ ಬೆಲೆ 0 ಅಥವಾ 1 ಮಾತ್ರ; + ಅಂದರೆ ‘ಅಥವಾ’ (OR), · ಅಂದರೆ ‘ಮತ್ತು’ (AND), ಎ′ ಅಂದರೆ ಬಾರ್ ಹಾಕಿದ ಎ, ಅಂದರೆ ಎ ಬೆಲೆಯ ತಿರುಗುಮುರುಗು. ಇದನ್ನು ಡಿಎನ್‌ಎಫ್‌ಗೆ, ಅಂದರೆ ಗುಣಲಬ್ಧಗಳ ಮೊತ್ತದ ರೂಪಕ್ಕೆ, ತರಬೇಕು. ಮೂರು ವೇರಿಯಬಲ್, ಹಾಗಾಗಿ ಟ್ರೂತ್ ಟೇಬಲ್‌ಗೆ (ಪ್ರತಿ ಇನ್‌ಪುಟ್‌ಗೂ ಉತ್ತರ ತೋರಿಸುವ ಪಟ್ಟಿಗೆ) 8 ಸಾಲು, ಅಂಕಿಗಳು ಎ, ಬಿ, ಸಿ ಕ್ರಮದಲ್ಲಿ. 000ರಿಂದ 111ರವರೆಗೆ ಬೈನರಿ ಕ್ರಮ ತಪ್ಪದೆ ಬರೆದುಕೊಳ್ಳಿ.

ಎಂಟೂ ಸಾಲಿಗೆ ಬೆಲೆ ಹಾಕುತ್ತಾ ಕೂರಬೇಕಿಲ್ಲ. ಎ = 0 ಆದಾಗ ಎರಡನೇ ಆವರಣ 1 ಆಗಿಬಿಡುತ್ತದೆ, ಉತ್ತರ ಬಿ ಮಾತ್ರ. ಎ = 1 ಆದಾಗ ಮೊದಲನೆಯದು 1, ಉತ್ತರ ಸಿ ಮಾತ್ರ. ಅಂದರೆ ಇದು ಎರಡು ಇನ್‌ಪುಟ್‌ನಲ್ಲಿ ಒಂದನ್ನು ಆರಿಸಿ ಕೊಡುವ ಮಲ್ಟಿಪ್ಲೆಕ್ಸರ್, ಯಾವುದೆಂದು ಆರಿಸುವ ಸೆಲೆಕ್ಟ್ ಲೈನ್ ಎ! ಮೇಲಿನ ನಾಲ್ಕು ಸಾಲಿಗೆ ಬಿ ಕಾಲಂ, ಕೆಳಗಿನ ನಾಲ್ಕಕ್ಕೆ ಸಿ ಕಾಲಂ ಇಳಿಸಿದರೆ ಟೇಬಲ್ ಮುಗಿಯಿತು:

000 → 0
001 → 0
010 → 1
011 → 1
100 → 0
101 → 1
110 → 0
111 → 1

1 ಬಂದ ಸಾಲುಗಳ ಬೈನರಿ ಬೆಲೆ 2, 3, 5, 7. ಎಂಟರೊಳಗಿನ ಅವಿಭಾಜ್ಯ ಸಂಖ್ಯೆಗಳೆಲ್ಲ ಇಲ್ಲಿವೆ, ಮರೆಯುವ ಹಾಗೇ ಇಲ್ಲ.

ಈಗ ಮಿನ್‌ಟರ್ಮ್, ಅಂದರೆ ಒಂದೇ ಸಾಲಿಗೆ ಹೊಂದುವ ಗುಣಲಬ್ಧ ಪದ. ಇಲ್ಲಿ ನಿಧಾನವಾಗಿ ಹೋಗೋಣ. 010 ಸಾಲಿಗೆ ಬೇಕಾದದ್ದು ಆ ಸಾಲಿನಲ್ಲಿ ಮಾತ್ರ 1 ಆಗಿ, ಉಳಿದ ಏಳರಲ್ಲೂ 0 ಆಗುವ ಪದ. ಗುಣಲಬ್ಧ 1 ಬರಬೇಕಾದರೆ ಅದರೊಳಗಿನ ಪ್ರತಿಯೊಂದೂ 1 ಆಗಿರಬೇಕು. ಇಲ್ಲಿ ಎ ಬೆಲೆ 0. ಎ ಅಂತಲೇ ಬರೆದರೆ ಇಡೀ ಪದ ಸೊನ್ನೆ. ಅದಕ್ಕೇ ಎ′. ಬಿ ಆಗಲೇ 1, ಮುಟ್ಟಬೇಡಿ. ಸಿ ಮತ್ತೆ 0, ಅಲ್ಲಿ ಸಿ′. ಪದ ಎ′·ಬಿ·ಸಿ′. ಇದಕ್ಕೇ ಪಕ್ಕದ 011 ಹಾಕಿ ನೋಡಿ: 1·1·0, ಅಂದರೆ 0. ನಂಬರ್ ಬೀಗದಲ್ಲಿ ಒಂದು ಅಂಕಿ ತಪ್ಪಿದರೂ ತೆರೆಯುವುದಿಲ್ಲವಲ್ಲ, ಹಾಗೆ. ಬಾರ್ ಹಾಕುವುದು ಆ ಸಾಲಿನ 0 ಅನ್ನು 1 ಮಾಡಿಕೊಳ್ಳುವುದಕ್ಕೆ, ಅಷ್ಟೇ.

ನಾಲ್ಕರಲ್ಲಿ ಯಾವ ಸಾಲು ಬಂದರೂ ಎಫ್ 1 ಆಗಬೇಕು, ಆದ್ದರಿಂದ ನಡುವೆ ಪ್ಲಸ್:

ಎಫ್ = ಎ′·ಬಿ·ಸಿ′ + ಎ′·ಬಿ·ಸಿ + ಎ·ಬಿ′·ಸಿ + ಎ·ಬಿ·ಸಿ

ಸಿಎನ್‌ಎಫ್ (ಮೊತ್ತಗಳ ಗುಣಲಬ್ಧದ ರೂಪ) ಜೊತೆ ಗೊಂದಲವಾಗುವುದೂ ಇದೇ ಬಾರ್ ವಿಷಯಕ್ಕೆ. ಅಲ್ಲಿ 0 ಬಂದ ಸಾಲು ಹಿಡಿಯುತ್ತೇವೆ, ಮೊತ್ತ ಆ ಸಾಲಿನಲ್ಲಿ 0 ಆಗಬೇಕು. ಮೊತ್ತ 0 ಆಗಲು ಎಲ್ಲವೂ 0 ಆಗಿರಬೇಕು, ಹಾಗಾಗಿ ಬಾರ್ ಬೀಳುವುದು 1ರ ಮೇಲೆ: 100ಕ್ಕೆ (ಎ′ + ಬಿ + ಸಿ).

ಮೊದಲ ಎರಡು ಮಿನ್‌ಟರ್ಮ್‌ಗಳಲ್ಲಿ ಸಿ ಮಾತ್ರ ಬೇರೆ, ಕೊನೆಯ ಎರಡರಲ್ಲಿ ಬಿ ಮಾತ್ರ. ಸೇರಿಸಿದರೆ ಎ′·ಬಿ + ಎ·ಸಿ. ಇದೂ ಡಿಎನ್‌ಎಫ್ ರೂಪವೇ. ಆದರೆ ಪ್ರಶ್ನೆಯಲ್ಲಿ ಕ್ಯಾನಾನಿಕಲ್ ಅಂತ ಇದ್ದರೆ ಇಷ್ಟು ಚಿಕ್ಕದು ಮಾಡಬೇಡಿ, ಪ್ರತಿ ಪದದಲ್ಲೂ ಮೂರು ಅಕ್ಷರ ಇರಲೇಬೇಕು.