ಅಜ್ಜನ ಹಣೆ ಎಲ್ಲಿ ಹೋಯಿತು?

ನಲವತ್ತು ದಾಟಿದ ಮೇಲೆ ಧಾರವಾಡದ ಒಂದು ಭಾನುವಾರದ ಚಿತ್ರದ ಕ್ಲಾಸಿಗೆ ಸೇರಿಕೊಂಡವನು ನಾನು. ಮೊದಲ ದಿನ ಮಾಡೆಲ್ ಆಗಿ ಬಂದವರು ಹತ್ತಿರದ ಹಳ್ಳಿಯ ಒಬ್ಬ ಅಜ್ಜ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಉತ್ತರದ ಕಿಟಕಿಗೆ ಎಡಗೆನ್ನೆ ಕೊಟ್ಟು ಕೂತರು. ಒಂದು ತಾಸು ಇದ್ದಿಲು ತಿಕ್ಕಿದೆ. ಕಣ್ಣಂಚಿನ ಸುಕ್ಕು, ಮೀಸೆ, ಕಿವಿಯ ಕೂದಲು, ಒಂದನ್ನೂ ಬಿಡಲಿಲ್ಲ. ಹಿಂದೆ ಬಂದು ನಿಂತ ಮಾಸ್ತರು ಸ್ವಲ್ಪ ಹೊತ್ತು ನೋಡಿ, "ಕಣ್ಣು ಚಲೋ ಬಂದಾವ್ರಿ. ಮೂಗೂ ಅಡ್ಡಿಯಿಲ್ಲ. ಆದ್ರ ಅಜ್ಜಾರ ಹಣಿ ಎಲ್ಲಿ ಹೋತು?" ಅಂದರು.

ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಸರಿಸಿ ಅಳೆದು ತೋರಿಸಿದರು. ನೆತ್ತಿಯಿಂದ ಕಣ್ಣಿಗೆ ಎಷ್ಟು ದೂರವೋ ಕಣ್ಣಿನಿಂದ ಗದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ. ಕಣ್ಣು ಇರುವುದು ತಲೆಯ ಸರಿಯಾಗಿ ನಡುವೆ. ನನ್ನ ಹಾಳೆಯಲ್ಲಿ ಅದು ಮೇಲಿನಿಂದ ಮೂರನೇ ಒಂದು ಪಾಲಿಗೆ ಏರಿ ಕೂತಿತ್ತು. ಪಕ್ಕದ ಕಾಲೇಜು ಹುಡುಗಿಯ ಚಿತ್ರದಲ್ಲೂ ಹಾಗೇ, ಆಚೆಗಿನ ಬ್ಯಾಂಕಿನವರ ಚಿತ್ರದಲ್ಲೂ ಹಾಗೇ. ಮೂವರೂ ಕೂಡಿ ಅಜ್ಜನ ಹಣೆಯನ್ನು ತಿಂದು ಹಾಕಿದ್ದೆವು.

ಇದು ಕೈಯ ತಪ್ಪಾಗಿದ್ದರೆ ಒಬ್ಬೊಬ್ಬರದು ಒಂದೊಂದು ಥರ ಇರಬೇಕಿತ್ತು. ಎಲ್ಲರೂ ಒಂದೇ ಕಡೆಗೆ ತಪ್ಪುತ್ತಾರೆಂದರೆ ಎಡವಟ್ಟು ಮಿದುಳಿನಲ್ಲಿದೆ. ಮುಖದ ಮಟ್ಟಿಗೆ ಮಿದುಳಿಗೆ ಬೇಕಾದದ್ದು ಕಣ್ಣು, ಮೂಗು, ಬಾಯಿ. ಯಾರು, ಸಿಟ್ಟಿನಲ್ಲಿದ್ದಾರೋ ನಗುತ್ತಿದ್ದಾರೋ, ಎತ್ತ ನೋಡುತ್ತಿದ್ದಾರೆ ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಹಣೆ, ನೆತ್ತಿ ಖಾಲಿ ಹೊಲ. ಈ ಕೆಲಸಕ್ಕೆಂದೇ ಮಿದುಳು ಜಾಗ ಮೀಸಲಿಟ್ಟಿದೆ. ಬೇರೆ ವಸ್ತು ಕಂಡಾಗಿನದಕ್ಕಿಂತ ಮುಖ ಕಂಡಾಗ ಹೆಚ್ಚು ಚುರುಕಾಗುವ ಒಂದು ಭಾಗವನ್ನು 1997ರಲ್ಲಿ ಅಮೆರಿಕದ ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು ಸ್ಕ್ಯಾನ್‌ಗಳಲ್ಲಿ ಗುರುತಿಸಿದರು. ಅದಕ್ಕೂ ಮೊದಲು, 1980ರಲ್ಲಿ, ಪೀಟರ್ ಥಾಂಪ್ಸನ್ ಎಂಬ ಮನಶ್ಶಾಸ್ತ್ರಜ್ಞರು ಬ್ರಿಟನ್ನಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೊದಲ್ಲಿ ಕಣ್ಣು, ಬಾಯಿಯನ್ನಷ್ಟೇ ಕತ್ತರಿಸಿ ಬುಡಮೇಲು ಅಂಟಿಸಿದ್ದರು. ಇಡೀ ಫೋಟೊವನ್ನು ತಲೆಕೆಳಗು ಹಿಡಿದರೆ ಏನೂ ಅಸಹಜ ಅನ್ನಿಸುವುದಿಲ್ಲ. ನೆಟ್ಟಗೆ ತಿರುಗಿಸಿದರೆ ಮೈ ಜುಮ್ಮೆನ್ನುವ ವಿಕಾರ. ತಲೆಕೆಳಗಾದ ಮುಖದ ಮುಂದೆ ಮಿದುಳಿನ ಜಾಣತನ ನಡೆಯುವುದಿಲ್ಲ. ಚಿತ್ರ ಕಲಿಸುವವರು ಫೋಟೊವನ್ನು ಬುಡಮೇಲು ಇಟ್ಟು ನಕಲು ಮಾಡಿಸುವುದು ಅದಕ್ಕೇ. ಆಗ ಮೂಗು ಮೂಗಾಗಿ ಕಾಣದೆ ಬರೀ ಒಂದು ನೆರಳಿನ ತುಂಡಾಗಿ ಕಾಣುತ್ತದೆ.

ನಂಬಿಕೆ ಬಾರದಿದ್ದರೆ ನಾಳೆ ಸ್ನಾನದ ಹೊತ್ತಿಗೆ ಬಚ್ಚಲಿನ ಕನ್ನಡಿಗೆ ಹಬೆ ಕಟ್ಟಿದಾಗ, ಒಂದು ಕಣ್ಣು ಮುಚ್ಚಿ, ಅಲ್ಲಿ ಕಾಣುವ ನಿಮ್ಮ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆಯಿರಿ. ಆಮೇಲೆ ಪಕ್ಕಕ್ಕೆ ಸರಿದು ಆ ಗೆರೆಯನ್ನು ಗೇಣು ಹಾಕಿ ನೋಡಿ. ನಿಮ್ಮ ಮುಖದ ಅರ್ಧ ಮಾತ್ರ ಇರುತ್ತದೆ! ಬಿಂಬ ಕನ್ನಡಿಯ ಹಿಂದೆ ನಿಮ್ಮಷ್ಟೇ ದೂರದಲ್ಲಿದೆ, ಕನ್ನಡಿ ನಟ್ಟ ನಡುವೆ. ಹಿಂದೆ ಸರಿದು ನಿಂತು ಎಳೆದರೂ ಅರ್ಧವೇ. ವರ್ಷಗಟ್ಟಲೆ ದಿನಾ ನೋಡಿದ್ದರೂ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಮುಖದ ನಿಜ ಅಳತೆ ಇಷ್ಟು ಎಂದು ಮಿದುಳು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ದಿನಬಳಕೆಗೆ ಅದು ಒಳ್ಳೆಯದೇ. ದೂರ ಹೋದ ಎಮ್ಮೆ ಕುಗ್ಗಿ ಕರುವಾಯಿತು ಎಂದು ಯಾರೂ ಗಾಬರಿಯಾಗುವುದಿಲ್ಲ. ಚಿತ್ರ ಬರೆಯುವವನಿಗೆ ಮಾತ್ರ ಅದೊಂದು ಕಾಟ.

ಇಂಥ ಪೇಚಾಟಕ್ಕೆ ಇದ್ದಿಲಿಗಿಂತ ಒಳ್ಳೆಯ ಸಾಮಾನು ಇಲ್ಲ. ನಮ್ಮ ಮಾಸ್ತರು ಅದನ್ನು ಅಂಗಡಿಯಿಂದ ತರುವುದಿಲ್ಲ. ನೆಟ್ಟಗಿನ ಹುಣಸೆ ಕಡ್ಡಿಗಳನ್ನು ತೊಗಟೆ ಸುಲಿದು, ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು ಬೆಂಕಿಗಿಡುತ್ತಾರೆ. ಮೈಸೂರು ಶೈಲಿಯ ಹಳೆಯ ಚಿತ್ರಗಾರರೂ ಕರಡು ಗೆರೆಗೆ ಹುಣಸೆ ಕಡ್ಡಿಯನ್ನೇ ಕಬ್ಬಿಣದ ಕೊಳವೆಯಲ್ಲಿ ಸುಟ್ಟುಕೊಳ್ಳುತ್ತಿದ್ದರು. ತೂತಿನಿಂದ ಮೊದಲು ಬಿಳಿ ಆವಿ, ಆಮೇಲೆ ಹಳದಿ ಹೊಗೆ ಬರುತ್ತದೆ. ಕಡ್ಡಿ ಗೀರಿದರೆ ಹೊಗೆಯೇ ಹತ್ತಿಕೊಂಡು ಉರಿಯುತ್ತದೆ. ಒಳಗೆ ಆಮ್ಲಜನಕ ಇಲ್ಲದ್ದರಿಂದ ಕಟ್ಟಿಗೆ ಉರಿಯುವುದಿಲ್ಲ, ಶಾಖಕ್ಕೆ ಅದರ ಅಣುಗಳು ಒಡೆಯುತ್ತವೆ. ಕಟ್ಟಿಗೆಯಲ್ಲಿರುವ ವಸ್ತುಗಳಲ್ಲಿ ಮೊದಲು ಹೆಮಿಸೆಲ್ಯುಲೋಸ್, ನಂತರ ಸೆಲ್ಯುಲೋಸ್ ಅನಿಲವಾಗಿ ಹೊರಬೀಳುತ್ತವೆ. ಹಟ ಹಿಡಿದು ಉಳಿಯುವುದು ಲಿಗ್ನಿನ್, ಇದ್ದಿಲಿನ ಇಂಗಾಲದ ದೊಡ್ಡ ಪಾಲು ಅದರದ್ದು. ಹೊಗೆ ನಿಂತಿತೆಂದು ಬಿಸಿ ಇರುವಾಗಲೇ ಮುಚ್ಚಳ ತೆಗೆದಿರೋ, ಗಾಳಿ ತಾಗಿ ಎಲ್ಲ ಬೂದಿ. ನಾನು ಒಮ್ಮೆ ಹಾಗೆ ಒಂದು ಡಬ್ಬಿ ಕಳೆದುಕೊಂಡಿದ್ದೇನೆ.

ಹೀಗೆ ಬಂದ ಕಡ್ಡಿಯಲ್ಲಿ ಕಟ್ಟಿಗೆಯ ಕೋಶಗಳ ಗೋಡೆಗಳು ಇನ್ನೂ ಹಾಗೇ ನಿಂತಿರುತ್ತವೆ, ಒಳಗಿನದೆಲ್ಲ ಖಾಲಿ. ಹಾಳೆಗೆ ತಿಕ್ಕಿದಾಗ ಈ ಗೋಡೆಗಳು ಮುರಿದು, ಚೂರುಗಳು ಹಾಳೆಯ ತರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಂಟು ಎನ್ನುವುದು ಇಲ್ಲವೇ ಇಲ್ಲ. ಬಟ್ಟೆಯಿಂದ ಕೊಡವಿದರೆ ಒಂದು ತಾಸಿನ ಕೆಲಸ ಮಾಯ. ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಒತ್ತಿದರೆ ಬೇಕಾದಷ್ಟೇ ಜಾಗ ಬೆಳ್ಳಗಾಗುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ಚಪ್ಪಟೆ ಪದರಗಳಾಗಿ ಮಲಗುವುದರಿಂದ ಕಪ್ಪಾದಷ್ಟೂ ಮಿನುಗುತ್ತದೆ. ಇದ್ದಿಲಿನ ಒರಟು ಚೂರುಗಳು ಬೆಳಕನ್ನು ಗುಳಿಗಳಲ್ಲಿ ನುಂಗಿ ಸುಮ್ಮನಾಗುತ್ತವೆ. ಅಳಿಸಲು ಇಷ್ಟು ಸುಲಭವಾದ ಇದೇ ವಸ್ತು ಕೊಳೆಯುವುದಿಲ್ಲ ಎಂಬುದು ತಮಾಷೆ. ಫ್ರಾನ್ಸಿನ ಶೋವೆ ಗುಹೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಪ್ರಾಣಿಗಳಿವೆ. 1994ರಲ್ಲಿ ಪತ್ತೆಯಾದ ಆ ಚಿತ್ರಗಳಲ್ಲಿ ಹಳೆಯವಕ್ಕೆ ಸುಮಾರು 36,000 ವರ್ಷ. ಕೆಮ್ಮಣ್ಣಿನಲ್ಲಷ್ಟೇ ಬರೆದಿದ್ದರೆ ಬಣ್ಣದಿಂದ ವಯಸ್ಸು ಹೇಳಲಾಗುತ್ತಿರಲಿಲ್ಲ. ಇದ್ದಿಲು ಒಮ್ಮೆ ಮರವಾಗಿತ್ತು, ಅದರಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಇತ್ತು, 5,730 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತದೆ. ಉಳಿದಿದ್ದ ನೂರಕ್ಕೆ ಒಂದೆರಡು ಪಾಲೇ ಲೆಕ್ಕಕ್ಕೆ ಸಾಕಾಯಿತು.

ಎರಡನೇ ಭಾನುವಾರ ಅಜ್ಜ ರುಮಾಲು ಸುತ್ತಿಕೊಂಡೇ ಕೂತರು. ನಾನು ರುಮಾಲನ್ನು ಬೆಳ್ಳಗೆ ಬಿಟ್ಟು ಮುಖಕ್ಕೆ ಕಪ್ಪು ಬಳಿದೆ. ಮಾಸ್ತರು ಒಂದು ರಟ್ಟಿಗೆ ಎರಡು ತೂತು ಕೊರೆದು, ಒಂದರಲ್ಲಿ ರುಮಾಲಿನ ನೆರಳಿನ ಭಾಗ, ಇನ್ನೊಂದರಲ್ಲಿ ಕಿಟಕಿ ಕಡೆಯ ಕೆನ್ನೆ ಕಾಣುವಂತೆ ಹಿಡಿದರು. ಬಿಳಿ ರುಮಾಲಿಗಿಂತ ಕಂದು ಕೆನ್ನೆಯೇ ಬೆಳ್ಳಗಿತ್ತು! ರಟ್ಟು ತೆಗೆದೊಡನೆ ರುಮಾಲು ಮತ್ತೆ ಬಿಳಿ. ನೆರಳನ್ನು ಕಳೆದು ವಸ್ತುವಿನ ಬಣ್ಣವನ್ನಷ್ಟೇ ಉಳಿಸಿಕೊಳ್ಳುವುದು ಮಿದುಳಿನ ಚಟ. ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ರಚಿಸಿದ ಚದುರಂಗ ಹಾಸಿನ ಭ್ರಮೆ ಇದರ ಹೆಸರಾಂತ ಉದಾಹರಣೆ: ಒಂದೇ ಬೂದು ಬಣ್ಣದ ಎರಡು ಚೌಕಗಳಲ್ಲಿ ನೆರಳಿನಲ್ಲಿರುವುದು ಬೆಳ್ಳಗೆ, ಬೆಳಕಿನಲ್ಲಿರುವುದು ಕಪ್ಪಗೆ ಕಾಣುತ್ತದೆ. ಕಣ್ಣು ಕಿರಿದು ಮಾಡಿ ನೋಡಿ ಎಂದು ಚಿತ್ರಕಾರರು ಬಡಕೊಳ್ಳುವುದರ ಹಿಂದೆಯೂ ಇದೇ ಇದೆ. ರೆಪ್ಪೆ ಅರ್ಧ ಇಳಿಸಿದರೆ ಸುಕ್ಕು, ಕೂದಲು, ನೂಲು ಎಲ್ಲ ಕರಗಿ ಬೆಳಕು-ನೆರಳಿನ ನಾಲ್ಕೈದು ದೊಡ್ಡ ತುಂಡುಗಳು ಉಳಿಯುತ್ತವೆ. ಏನೆಂದು ಗುರುತಿಸಲು ಸಾಮಗ್ರಿ ಇಲ್ಲದ ಮಿದುಳು ತೆಪ್ಪಗಾಗುತ್ತದೆ.

ಇಡೀ ಮೈಯ ಅಭ್ಯಾಸದಲ್ಲಿ ಕಾಟ ಕೊಡುವುದು ತೂಕ. ಅಜ್ಜ ಕೋಲೂರದೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಕೊರಳ ಗುಣಿಯಿಂದ ಗೌಂಡಿಯ ತೂಗುಗುಂಡು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಆ ಕಡೆಯ ಸೊಂಟ ಏರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಡೆದವರಿಗೆ ಇದು ಕರತಲಾಮಲಕ. ನನ್ನ ಚಿತ್ರದ ಅಜ್ಜ ಮಾತ್ರ ಬೀಳುವ ಹಾಗಿದ್ದರು. ಅವರು ನಿಜಕ್ಕೂ ಬೀಳುತ್ತಿದ್ದರೂ ಅನ್ನಿ: ಇಪ್ಪತ್ತು ನಿಮಿಷದ ಭಂಗಿಯಲ್ಲಿ ಸ್ನಾಯು ದಣಿದು ಸೊಂಟ ಬೆರಳಷ್ಟು ಕುಸಿಯುತ್ತದೆ, ಗದ್ದ ಎದೆಗೆ ಬರುತ್ತದೆ. ಪಾದದ ಸುತ್ತ ಖಡುವಿನಿಂದ ಗುರುತು ಹಾಕಬಹುದು, ಗದ್ದಕ್ಕೆ ಹಾಕಲಾಗುವುದಿಲ್ಲ.

ಆರು ತಿಂಗಳ ಮೇಲೆ ಎಣ್ಣೆಬಣ್ಣ ಕೈಗೆ ಬಂತು. ಎಣ್ಣೆಬಣ್ಣ 'ಒಣಗುತ್ತದೆ' ಎನ್ನುವುದು ಬಾಯಿಮಾತು. ನೀರು ಒಣಗುವಂತೆ ಅದರಲ್ಲಿ ಆರಿಹೋಗುವಂಥದ್ದು ಏನೂ ಇಲ್ಲ. ಟ್ಯೂಬಿನಲ್ಲಿರುವುದು ಅಗಸೆ ಎಣ್ಣೆ, ನಮ್ಮ ಕಡೆ ರೊಟ್ಟಿ ಜೊತೆ ತಿನ್ನುವ ಅಗಸಿ ಚಟ್ನಿಪುಡಿಯ ಅದೇ ಅಗಸೆ. ಆ ಪುಡಿ ಬೇಗ ಕಮಟು ವಾಸನೆ ಹಿಡಿಯುವುದೂ, ಕ್ಯಾನ್ವಾಸ್ ಮೇಲಿನ ಬಣ್ಣ ಗಟ್ಟಿಯಾಗುವುದೂ ಒಂದೇ ಬಗೆಯ ರಾಸಾಯನಿಕ ಕ್ರಿಯೆ. ಅಗಸೆ ಎಣ್ಣೆಯ ಸುಮಾರು ಅರ್ಧಕ್ಕೂ ಹೆಚ್ಚು ಪಾಲು ಮೂರು ಜೋಡಿಬಂಧಗಳಿರುವ ಲಿನೊಲೆನಿಕ್ ಆಮ್ಲ. ಈ ಜೋಡಿಬಂಧಗಳ ಪಕ್ಕದಲ್ಲಿ ಗಾಳಿಯ ಆಮ್ಲಜನಕ ಬಂದು ಕಚ್ಚುತ್ತದೆ, ಪಕ್ಕಪಕ್ಕದ ಅಣುಗಳು ಕೈ ಹೆಣೆದುಕೊಂಡು ಬಲೆಯಾಗುತ್ತವೆ. ಆರಂಭದಲ್ಲಿ ಬಣ್ಣದ ತೂಕ ಇಳಿಯುವ ಬದಲು ಏರುತ್ತದೆ. ಮೂರು ಗಾಜಿನ ಚೂರಿಗೆ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಅಗಸೆ ಎಣ್ಣೆ ತೆಳ್ಳಗೆ ಸವರಿ ಕಿಟಕಿಯಲ್ಲಿಟ್ಟು ನೋಡಿ. ಕೊಬ್ಬರಿ ಎಣ್ಣೆಗೆ ಜೋಡಿಬಂಧಗಳೇ ಅಪರೂಪ, ಅದು ಎಣ್ಣೆಯಾಗಿಯೇ ಇರುತ್ತದೆ. ಶೇಂಗಾ ಎಣ್ಣೆ ಬಹುಕಾಲದ ಮೇಲೆ ಒಲೆ ಹಿಂದಿನ ಗೋಡೆಯ ಜಿಡ್ಡಿನಂತೆ ಅಂಟಂಟಾದೀತು. ಅಗಸೆ ಎಣ್ಣೆಯೊಂದೇ ಉಗುರಿಗೆ ಸಿಗುವ ಚರ್ಮ ಕಟ್ಟುತ್ತದೆ.

ಇದನ್ನು ತಿಳಿಯದೆ ನಾನು ಅಜ್ಜನ ಮೊದಲ ತೈಲಚಿತ್ರವನ್ನು ಹಾಳು ಮಾಡಿದೆ. ಹಿನ್ನೆಲೆಗೆ ಎಣ್ಣೆ ಸುರಿದು ಐವರಿ ಕಪ್ಪು ಬಳಿದೆ. ಮರುವಾರ ಅದು ಇನ್ನೂ ಜಿನುಗುತ್ತಿದ್ದಾಗಲೇ ಮೇಲೆ ಟರ್ಪೆಂಟೈನ್ ಬೆರೆಸಿದ ತೆಳು ಅಂಬರ್ ಕಂದು ಎಳೆದೆ. ಅಂಬರ್ ಮಣ್ಣಿನಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಆಮ್ಲಜನಕದ ಕೆಲಸಕ್ಕೆ ಚುರುಕು ಮುಟ್ಟಿಸುತ್ತದೆ. ಕಪ್ಪು ಮಹಾ ಸೋಮಾರಿ. ಮೇಲಿನ ಪದರ ಮೊದಲು ಬಿಗಿದುಕೊಂಡಿತು, ಕೆಳಗಿನದು ಇನ್ನೂ ಅಲುಗಾಡುತ್ತಲೇ ಇತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಅಜ್ಜನ ಹಿಂದೆ ನೀರು ಬತ್ತಿದ ಕೆರೆಯಂಗಳ. "ಎಣ್ಣಿ ಕಡಿಮಿ ಇರೋದು ಕೆಳಗ, ಜಾಸ್ತಿ ಇರೋದು ಮ್ಯಾಲ" ಎಂದು ಮಾಸ್ತರು ಹೇಳಿದ್ದು ನೆನಪಿತ್ತು, ಯಾಕೆಂದು ತಿಳಿದಿರಲಿಲ್ಲ.

ಇನ್ನೊಂದು ಮಾತನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. ಆಮ್ಲಜನಕ ಕಚ್ಚುವಾಗ ಶಾಖ ಹುಟ್ಟುತ್ತದೆ. ಕ್ಯಾನ್ವಾಸಿನ ಮೇಲೆ ಅದು ಗಾಳಿಗೆ ಹೋಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದುಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ಬೆಂಕಿ ಏಳಬಹುದು. 1991ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒಂದು ಬಹುಮಹಡಿ ಕಟ್ಟಡಕ್ಕೆ ಬಿದ್ದ ಬೆಂಕಿ ಹೀಗೆ ಶುರುವಾದದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಮ್ಮ ಕ್ಲಾಸಿನಲ್ಲಿ ಬಾಗಿಲ ಹೊರಗೆ ನೀರಿನ ಡಬ್ಬಿ ಇದೆ, ಬಟ್ಟೆ ಅದರಲ್ಲೇ.

ಇನ್ನು ಚರ್ಮದ ಬಣ್ಣ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಒಂದು ನಾಲ್ಕು ಬಣ್ಣದ ಹಲಗೆ ಪ್ರಸಿದ್ಧ: ಬಿಳಿ, ಹಳದಿ ಓಕರ್ ಮಣ್ಣು, ವರ್ಮಿಲಿಯನ್ ಕೆಂಪು, ಕಪ್ಪು. ನೀಲಿ ಇಲ್ಲ. ಕೆಂಪು-ಹಳದಿಗಳ ನಡುವೆ ಕಪ್ಪು-ಬಿಳಿ ಬೆರೆಸಿದ ಬೂದು ಇಟ್ಟರೆ ಕಣ್ಣೇ ಅದನ್ನು ನೀಲಿ ಎಂದುಕೊಳ್ಳುತ್ತದೆ. ಪಕ್ಕದ ಬಣ್ಣ ಪಕ್ಕದ್ದನ್ನು ಬದಲಿಸುವ ಈ ಆಟವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೋಲ್ 1839ರಲ್ಲೇ ವಿವರವಾಗಿ ಬರೆದಿಟ್ಟಿದ್ದರು. ಆದರೆ ಗುಲಾಬಿ ಮೈಗೆ ಹುಟ್ಟಿದ ಪಾಠಗಳನ್ನು ನಮ್ಮ ಅಜ್ಜನಿಗೆ ಹಾಗೇ ಹಚ್ಚಿದರೆ ಮಣ್ಣಿನ ಗೊಂಬೆಯಾಗುತ್ತದೆ. ಕಾರಣ ಇದು. ಚರ್ಮದ ಹೊರಮೈಯಿಂದಲೇ ಕನ್ನಡಿಯಂತೆ ಚಿಮ್ಮುವ ಬೆಳಕು ಯಾರಲ್ಲೂ ಹೆಚ್ಚುಕಡಿಮೆ ಒಂದೇ, ನೇರ ಬಿದ್ದದ್ದರಲ್ಲಿ ನೂರಕ್ಕೆ ನಾಲ್ಕೈದು ಪಾಲು. ಉಳಿದದ್ದು ಒಳಗೆ ಹೊಕ್ಕು, ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಮತ್ತು ರಕ್ತದ ನಡುವೆ ಅಲೆದು ಹೊರಬರುತ್ತದೆ. ಮೆಲನಿನ್ ಹೆಚ್ಚಿದ್ದಲ್ಲಿ ಹೊರಬರುವುದು ಕಡಿಮೆ. ಹಾಗಾಗಿ ಕಪ್ಪು ಚರ್ಮದಲ್ಲಿ ಹೊಳಪು ಎದ್ದು ಕಾಣುತ್ತದೆ, ಆ ಹೊಳಪಿನ ಬಣ್ಣ ಚರ್ಮದ್ದಲ್ಲ, ಬೆಳಕಿನದ್ದು. ಉತ್ತರದ ಕಿಟಕಿಯಲ್ಲಿ ಆಕಾಶವಿತ್ತು. ಅಜ್ಜನ ಕೆನ್ನೆಮೂಳೆಯ ಮೇಲೆ ನಿಜಕ್ಕೂ ನೀಲಿ ಇತ್ತು. ನಾನು ಮೂರು ವಾರ ಅಲ್ಲಿ ಬಿಳಿ-ಕಂದು ಕಲಸಿ ಹಚ್ಚುತ್ತಲೇ ಇದ್ದೆ.

ಒಳಗೆ ಹೊಕ್ಕ ಬೆಳಕಿನಲ್ಲಿ ಹೆಚ್ಚು ದೂರ ಸಾಗುವುದು ಕೆಂಪು. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಎಸ್.ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜ್ವಾಲೆಗೆ ಅಡ್ಡ ಹಿಡಿದ ಕೈಯ ಬೆರಳುಗಳ ಅಂಚು ಒಳಗಿನಿಂದಲೇ ಕೆಂಪಗೆ ಉರಿಯುತ್ತದೆ. ಬಹಳ ಜನ ಅದನ್ನು ರವಿವರ್ಮನ ಎಣ್ಣೆಬಣ್ಣ ಅಂದುಕೊಂಡಿದ್ದಾರೆ. ರವಿವರ್ಮನದೂ ಅಲ್ಲ, ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಅಜ್ಜನ ಕಿವಿಯ ಹಾಲೆಗೂ ಹಿಂದಿನಿಂದ ಬೆಳಕು ಬಿದ್ದಾಗ ಇದೇ ಕೆಂಪು ಬರುತ್ತಿತ್ತು. ಬೆಳಗಿನ ಒಂಬತ್ತೂವರೆಯಿಂದ ಹತ್ತರವರೆಗೆ, ಅಷ್ಟೇ.

ಬಣ್ಣ ಮುಚ್ಚುವ ಗುಟ್ಟು ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿದೆ. ಎಣ್ಣೆ ತಾಗಿದಲ್ಲಿ ಪೇಪರ್ ಪಾರದರ್ಶಕ, ಏಕೆಂದರೆ ನಾರಿನ ವಕ್ರೀಭವನಾಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಎಣ್ಣೆಯದೂ ಹತ್ತಿರ ಹತ್ತಿರ, ಬೆಳಕು ತಿರುಗದೆ ಹಾದುಹೋಗುತ್ತದೆ. ಖಡುವಿನ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದರೂ ಹೀಗೇ, ಬಿಳಿ ಸಿಗುವುದಿಲ್ಲ. ಎಣ್ಣೆಯ ಅಂಕ ಸುಮಾರು 1.48, ಟೈಟಾನಿಯಂ ಬಿಳಿಯದು ಸುಮಾರು 2.7. ಅಷ್ಟು ಅಂತರ ಇದ್ದಾಗ ಬೆಳಕು ವಾಪಸ್ ಚಿಮ್ಮಿ ಬಣ್ಣ ಕೆಳಗಿನದನ್ನು ಮುಚ್ಚುತ್ತದೆ. ಆದರೆ ಎಣ್ಣೆ ಹಳತಾದಂತೆ ಅದರ ಅಂಕ ನಿಧಾನಕ್ಕೆ ಏರುತ್ತದೆ, ಪದರ ತುಸು ತುಸುವೇ ತಿಳಿಯಾಗುತ್ತದೆ. ಹಳೆಯ ಯುರೋಪಿನ ಚಿತ್ರಗಳಲ್ಲಿ ಕಲಾವಿದ ಮೊದಲು ಬರೆದು ಮುಚ್ಚಿದ ಕೈಯೋ ಟೋಪಿಯೋ ಶತಮಾನಗಳ ಮೇಲೆ ಮಸುಕಾಗಿ ಎದ್ದು ಬರುವುದು ಹೀಗೆ.

ಅಜ್ಜನ ಎರಡನೇ ತೈಲಚಿತ್ರ ಈಗ ನಮ್ಮ ಪಡಸಾಲೆಯ ಕಿಟಕಿ ಎದುರಿಗಿದೆ. ಗೋಡೆಗೆ ಮುಖ ಮಾಡಿ ಇಡಬಾರದು, ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಯಾಗುತ್ತದೆ. ಅಜ್ಜನೇ ಒಮ್ಮೆ ಬಂದು ನೋಡಿದರು. ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತ ಬಹಳ ಹೊತ್ತು ಸುಮ್ಮನಿದ್ದು, "ಕಿವಿ ಖರೇ ಐತಿ" ಅಂದರು. ಅವರು ಹೋದ ಮೇಲೆ ಹಣೆಯನ್ನು ಇನ್ನೊಮ್ಮೆ ಅಳೆದೆ. ಅಂದು ಕಣ್ಣು ಒಂದು ಬೆರಳು ಮೇಲೇರಿದೆ ಅನ್ನಿಸಿ ಕೆಳಗಿಳಿಸಿ ಮತ್ತೆ ಬರೆದಿದ್ದೆ. ಹಳೆಯ ಕಣ್ಣು ಬಿಳಿಯ ಅಡಿಯಲ್ಲೇ ಇದೆ.