ಸುರಂಗದ ನೀರು ಟಾರ್ಚಿಗೆ ಆಗುವುದಿಲ್ಲ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ವೆಲ್ಡಿಂಗ್ ಶೆಡ್ಡಿನಿಂದ ಫೋನ್ ಬಂತು. "ಸರ್, ಆರ್ಗಾನ್ ಮಿಷನ್ ಕಿಡಿಯೇ ಕೊಡುದಿಲ್ಲ. ಬೋರ್ಡ್ ಹೋಯ್ತಾ ಅಂತ ಸಂಶಯ."

ನಮ್ಮ ಕಡೆ ಟಿಗ್ ವೆಲ್ಡಿಂಗಿಗೆ ಎಲ್ಲರೂ ಹೇಳುವುದು ಆರ್ಗಾನ್ ಎಂದೇ. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಕಿಡಿ ಹಾರಿಸಿ, ಸುತ್ತ ಆರ್ಗಾನ್ ಗ್ಯಾಸ್ ಬಿಟ್ಟು ಲೋಹ ಬೆಸೆಯುವ ಕೆಲಸ ಅದು. ಆ ಕಡ್ಡಿ ಕೂರುವ ಕೈಹಿಡಿಯೇ ಟಾರ್ಚ್, ಅದನ್ನು ತಣಿಸಲು ನೀರು ಸುತ್ತಿಸುವ ಪೆಟ್ಟಿಗೆಯೇ ಕೂಲರ್. ಹೋಗಿ ನೋಡಿದೆ. ಮಿಷನ್ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ತಪ್ಪಿರಲಿಲ್ಲ. ಆದರೂ ಟಂಗ್‌ಸ್ಟನ್ ತುದಿಯನ್ನು ಕೆಲಸದ ತುಂಡಿನಿಂದ 2 ಮಿ.ಮೀ. ದೂರದಲ್ಲಿ ಹಿಡಿದರೂ ಕಿಡಿ ಹಾರುತ್ತಿರಲಿಲ್ಲ. ಕೂಲರಿನ ಕಡೆಯ ಎರಡೂ ಪೈಪ್ ಬಿಚ್ಚಿದೆ. ಟಾರ್ಚಿನೊಳಗಿನ ನೀರನ್ನೆಲ್ಲ ಮೆಲ್ಲಗೆ ಊದಿ ತೆಗೆದೆ. ಅರೆಕ್ಷಣ ಸ್ವಿಚ್ ಒತ್ತಿದೆ. ಚಟಚಟ ಅಂತ ಕಿಡಿ ಹಾರಿತು! (ಇದನ್ನು ನೋಡಿ ನೀವು ನೀರಿಲ್ಲದೆ ವೆಲ್ಡಿಂಗ್ ಮಾಡಲು ಹೋಗಬೇಡಿ. ನೀರಿನ ಟಾರ್ಚ್ ಒಣಗಿದ್ದರೆ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ.)

"ಕೂಲರಿನ ಟ್ಯಾಂಕಿಗೆ ಯಾವ ನೀರು ಹಾಕಿದ್ದೀರಿ?"

"ಸುರಂಗದ ನೀರು ಸರ್. ನಾವು ಕುಡಿಯುದೂ ಅದನ್ನೇ. ಅದಕ್ಕಿಂತ ಒಳ್ಳೆ ನೀರು ಎಲ್ಲುಂಟು?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಗುಡ್ಡದ ಮುರಕಲ್ಲು ಕೊರೆದು ಅಡ್ಡಕ್ಕೆ ತೋಡಿದ ಸುರಂಗದಿಂದ ಬರುವ ನೀರು ಕನ್ನಡಿಯ ಹಾಗೆ ಇರುತ್ತದೆ. ನನ್ನ ಚೀಲದಲ್ಲಿ ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವುದು) ಸದಾ ಇರುತ್ತದೆ, ಮನೆಯ ಫಿಲ್ಟರ್ ರಿಪೇರಿಯವರು ಇಟ್ಟುಕೊಳ್ಳುವಂಥದ್ದು. ಸುರಂಗದಿಂದ ಆಗಷ್ಟೇ ಹಿಡಿದ ನೀರು 40 ಪಿಪಿಎಂ ತೋರಿಸಿತು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 40 ಪಾಲು. ಟ್ಯಾಂಕಿನೊಳಗಿನದ್ದು 900 ದಾಟಿತು. ಅದೇ ನೀರು, ಅದೇ ಶೆಡ್!

ಮತ್ತೆ ಕೇಳಿದಾಗ ಬಾಯಿಬಿಟ್ಟರು. ಎರಡು ವರ್ಷದಿಂದ ನೀರು ಬದಲಿಸಿಲ್ಲ. ಕಡಿಮೆಯಾದಾಗೆಲ್ಲ ಮೇಲಿಂದ ತುಂಬಿಸಿದ್ದಾರೆ. ಜೊತೆಗೆ, "ಒಳ್ಳೇದಾಗ್ಲಿ ಅಂತ", ಅರ್ಧ ಬಾಟಲಿ ಕಾರಿನ ಕೂಲೆಂಟ್.

ಇಲ್ಲಿ ಎರಡು ತಪ್ಪು ಸೇರಿಕೊಂಡಿವೆ. ಅದನ್ನು ಬಿಡಿಸಿ ಹೇಳುವ ಮೊದಲು ಟಾರ್ಚಿನ ಒಳಗೆ ಏನಿದೆ ಎಂದು ನೋಡಬೇಕು.

ಗಾಳಿಯಲ್ಲೇ ತಣಿಯುವ ಟಾರ್ಚಿನ ಕೇಬಲ್ ದಪ್ಪ ಇರುತ್ತದೆ. ಡಬ್ಲ್ಯುಪಿ-26 ಎಂಬ 200 ಆಂಪಿಯರ್ ಟಾರ್ಚ್ ಹಿಡಿದು ದಿನವಿಡೀ ಕೆಲಸ ಮಾಡಿದವರ ಮಣಿಕಟ್ಟಿಗೆ ಅದು ಗೊತ್ತು. ಅದೇ ಡಬ್ಲ್ಯುಪಿ-20 ನೋಡಿ. ನೀರಿನ ಟಾರ್ಚ್, 250 ಆಂಪಿಯರ್, ಕೈಯಲ್ಲಿ ಆಟಿಕೆಯ ಹಾಗಿರುತ್ತದೆ. ಹೇಗೆ ಸಾಧ್ಯ? ತಣ್ಣನೆಯ ನೀರು ಒಂದು ಸಪೂರ ಪೈಪಿನಲ್ಲಿ ಟಾರ್ಚಿನ ತಲೆಗೆ ಹೋಗುತ್ತದೆ. ವಾಪಸ್ ಬರುವಾಗ ಕರೆಂಟಿನ ಕೇಬಲ್ ಇರುವ ಪೈಪಿನೊಳಗೇ ಬರುತ್ತದೆ. ತಾಮ್ರದ ಎಳೆಗಳು ನೀರಿನಲ್ಲಿ ಮುಳುಗಿಯೇ ಇರುತ್ತವೆ. ಹಾಗಾಗಿ ತೆಳ್ಳಗಿನ ತಾಮ್ರವೂ ಅಷ್ಟು ಕರೆಂಟ್ ತಡೆದುಕೊಳ್ಳುತ್ತದೆ.

ಅಂದರೆ 4 ಮೀಟರ್ ಟಾರ್ಚಾದರೆ 4 ಮೀಟರ್ ಉದ್ದಕ್ಕೂ, 8 ಆದರೆ 8 ಮೀಟರ್ ಉದ್ದಕ್ಕೂ ನೀರು ಕರೆಂಟಿರುವ ತಾಮ್ರವನ್ನು ಮುಟ್ಟಿಕೊಂಡೇ ಹರಿಯುತ್ತದೆ. ಕಾರಿನ ರೇಡಿಯೇಟರಿನಲ್ಲಿ ಈ ತಾಪತ್ರಯ ಇಲ್ಲ.

ಆರ್ಕ್, ಅಂದರೆ ಲೋಹ ಕರಗಿಸುವ ಉರಿ, ಶುರುವಾಗಲು ಮಿಷನ್ ಒಂದು ಹೈ ಫ್ರೀಕ್ವೆನ್ಸಿ ಕಿಡಿ ಕಳಿಸುತ್ತದೆ. ಸಾವಿರಾರು ವೋಲ್ಟ್‌ನದ್ದು. ಅದು ಟಂಗ್‌ಸ್ಟನ್ ತುದಿಯಿಂದ ಆರ್ಗಾನ್ ದಾಟಿ ಹಾರಬೇಕು. ಆದರೆ ಹಿಂದೆ ನೀರಿನ ಪೈಪ್ ಇದೆ. ಅದರ ಇನ್ನೊಂದು ತುದಿಯಲ್ಲಿ ಅರ್ತ್ ಆಗಿರುವ ಕೂಲರ್ ಇದೆ. ನೀರು ಕರೆಂಟ್ ಹರಿಸುವಂಥದ್ದಾದರೆ ಕಿಡಿ ಮುಂದೆ ಹಾರುವ ಕಷ್ಟ ಯಾಕೆ ತೆಗೆದುಕೊಳ್ಳುತ್ತದೆ? ಹಿಂದಿನ ಬಾಗಿಲಿನಿಂದಲೇ ಹೊರಟುಹೋಗುತ್ತದೆ. ಮೊದಮೊದಲು ಕಿಡಿ ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಆಮೇಲೆ ತೀರಾ ಹತ್ತಿರ ಹಿಡಿಯಬೇಕಾಗುತ್ತದೆ. ಕೊನೆಗೆ ಟಂಗ್‌ಸ್ಟನ್ ಅನ್ನು ಕೆಲಸಕ್ಕೇ ಮುಟ್ಟಿಸಿ ಶುರು ಮಾಡುವ ಚಾಳಿ ಬರುತ್ತದೆ. ಅಷ್ಟರಲ್ಲಿ ಒಂದೆರಡು ಬೋರ್ಡ್ ಸುಮ್ನೆ ಬದಲಾಗಿರುತ್ತವೆ. ಅಲ್ಯೂಮಿನಿಯಂ ಮಾಡುವವರಿಗೆ ತೊಂದರೆ ಇನ್ನೂ ಜಾಸ್ತಿ. ಅದಕ್ಕೆ ಬಳಸುವ ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್) ವೆಲ್ಡಿಂಗಿನಲ್ಲಿ ಎಷ್ಟೋ ಮಿಷನ್‌ಗಳು ಕೆಲಸದ ಉದ್ದಕ್ಕೂ ಈ ಕಿಡಿಯನ್ನೇ ನೆಚ್ಚಿಕೊಂಡಿರುತ್ತವೆ.

ಸೋರುವ ಈ ಕರೆಂಟ್ ಲೋಹವನ್ನೂ ತಿನ್ನುತ್ತದೆ. ಹಳೆಯ ಪವರ್ ಕೇಬಲ್ ಸೀಳಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ, ದೇವರ ಕೋಣೆಯ ತೊಳೆಯದ ತಂಬಿಗೆಯ ಹಾಗೆ. ಮುಟ್ಟಿದರೆ ಎಳೆಗಳು ಪುಡಿಪುಡಿ. ಆ ಪುಡಿ ಹೋಗಿ ಟಾರ್ಚಿನ ತಲೆಯ ಸಣ್ಣ ತೂತಿನಲ್ಲಿ ಕೂರುತ್ತದೆ.

ಈಗ ಸುರಂಗದ ನೀರಿಗೆ ಬರೋಣ. 40 ಪಿಪಿಎಂ ಕುಡಿಯಲು ಚಂದ. ಆದರೆ ಮುರಕಲ್ಲಿನ ನೀರಿಗೆ ಸ್ವಲ್ಪ ಹುಳಿಗುಣ ಇರುತ್ತದೆ. ಗಡಸುತನ ಇಲ್ಲದ, ತುಸು ಆಮ್ಲೀಯ ನೀರು ತಾಮ್ರವನ್ನು ಮೆಲ್ಲಮೆಲ್ಲಗೆ ಕರಗಿಸುತ್ತದೆ. ಮೇಲಾಗಿ ಟ್ಯಾಂಕಿನಿಂದ ಆವಿಯಾಗುವುದು ಬರೀ ನೀರು, ಲವಣ ಅಲ್ಲೇ ಉಳಿಯುತ್ತದೆ. ಮತ್ತೆ ತುಂಬಿಸಿದಾಗ ಹೊಸ ಲವಣ ಸೇರುತ್ತದೆ. ಸಾರು ಕುದಿದು ಇಂಗಿದಂತೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಉಪ್ಪಳ, ಕುಂಬಳೆಯ ಕಡಲ ಬದಿಯ ಬಾವಿ ನೀರಾದರಂತೂ ಕೇಳುವುದೇ ಬೇಡ. ಬೇಸಿಗೆಯಲ್ಲಿ ನಾಲಿಗೆಗೇ ಉಪ್ಪು ತಿಳಿಯುತ್ತದೆ.

ಮನೆಯ ಆರ್‌ಒ ನೀರು ಆಗಬಹುದಾ ಎಂದು ಕೇಳುವವರಿದ್ದಾರೆ. ರುಚಿಗೆಂದು ಅದರಲ್ಲಿ ಸ್ವಲ್ಪ ಲವಣ ಉಳಿಸಿರುತ್ತಾರೆ, ಬೇಡ. ಏಸಿಯಿಂದ ತೊಟ್ಟಿಕ್ಕುವ ನೀರು? ಅದು ಡಿಸ್ಟಿಲ್ಡ್ ವಾಟರೇ ಅಲ್ವಾ ಎಂದು ನನ್ನೊಡನೆ ಜಗಳವಾಡಿದವರೂ ಇದ್ದಾರೆ. ಹುಟ್ಟುವಾಗ ಹೌದು. ಆದರೆ ಏಸಿಯ ಒಳಗಿನ ಧೂಳು, ಬೂಸು, ಲೋಳೆ ಎಲ್ಲ ತೊಳೆದುಕೊಂಡು ಬರುತ್ತದೆ. ಅದೂ ಬೇಡ.

ಇನ್ನು ಕಾರಿನ ಕೂಲೆಂಟ್. ಮಂಗಳೂರಿನಿಂದ ಕಾಸರಗೋಡಿನವರೆಗೆ ನಾನು ಕಂಡ ಅತಿ ದೊಡ್ಡ ತಪ್ಪು ಇದು. ಹಸಿರೋ ಕೆಂಪೋ ಬಣ್ಣ, "ತುಕ್ಕು ಹಿಡಿಯುವುದಿಲ್ಲ" ಎಂಬ ಬರಹ, ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಯಾರಿಗಾದರೂ ಸರಿ ಎಂದೇ ಕಾಣುತ್ತದೆ. ಆದರೆ ಎಂಜಿನ್ನಿನ ಎರಕದ ಕಬ್ಬಿಣ, ಅಲ್ಯೂಮಿನಿಯಂ ಕಾಯಲೆಂದು ಅದರಲ್ಲಿ ಬೇರೆ ಬೇರೆ ಲವಣಗಳನ್ನು ಬೆರೆಸಿರುತ್ತಾರೆ. ಸಿಲಿಕೇಟ್, ಫಾಸ್ಫೇಟ್ ಮುಂತಾದವು. ಎಂಜಿನ್ನಿಗೆ ಒಳ್ಳೆಯದೇ. ಆದರೆ ಆ ಲವಣಗಳಿಂದಲೇ ನೀರು ಚೆನ್ನಾಗಿ ಕರೆಂಟ್ ಹರಿಸುತ್ತದೆ. ಸಿಲಿಕೇಟ್ ಕೆಲವೊಮ್ಮೆ ಗಂಜಿಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ರೇಡಿಯೇಟರಿನ ದೊಡ್ಡ ದಾರಿಯಲ್ಲಿ ಅದು ಹೇಗೋ ಸಾಗೀತು, ಟಾರ್ಚಿನ ದಾರಿ ಪೆನ್ನಿನ ರೀಫಿಲ್‌ನಷ್ಟು. ಸೋರಿಕೆ ತಾನಾಗಿ ಮುಚ್ಚುವ ಮದ್ದು ಬೆರೆಸಿದ ಕೂಲೆಂಟುಗಳೂ ಇವೆ. ಅವು ಮೊದಲು ಮುಚ್ಚುವುದು ಟಾರ್ಚನ್ನೇ.

ಬಾಯಾರಿನ 900 ಪಿಪಿಎಂಗೆ ದೊಡ್ಡ ಕಾರಣ ಆ ಅರ್ಧ ಬಾಟಲಿಯೇ. ಸುರಂಗದ ನೀರಿನ ಪಾಲು ಸಣ್ಣದು.

ಹೆಸರಿನಿಂದ ಆಗುವ ಇನ್ನೊಂದು ಎಡವಟ್ಟೂ ಇದೆ. ಲೇತ್ ಇರುವ ವರ್ಕ್‌ಶಾಪಿನಲ್ಲಿ ಕೂಲೆಂಟ್ ಎಂದರೆ ಹಾಲಿನಂತಿರುವ ಬಿಳಿ ಎಣ್ಣೆ ನೀರು. ಹುಡುಗನಿಗೆ "ಕೂಲೆಂಟ್ ಹಾಕು" ಎಂದರೆ ಅವನು ಅದನ್ನೇ ಸುರಿಯುತ್ತಾನೆ. ಹುಡುಗನದ್ದೇನೂ ತಪ್ಪಿಲ್ಲ. ಕ್ಯಾನಿನ ಮೇಲೆ "ಟಾರ್ಚ್" ಎಂದು ದೊಡ್ಡದಾಗಿ ಬರೆದಿಡಿ.

ಹಾಗಾದರೆ ಯಾವುದು ಹಾಕಬೇಕು?

ಟಾರ್ಚಿಗೆಂದೇ ಮಾಡಿದ ಕೂಲೆಂಟ್ ತೆಗೆದುಕೊಳ್ಳುವಾಗ ಡಬ್ಬಿಯ ಮೇಲೆ ಒಂದೇ ವಿಷಯ ಹುಡುಕಿ. ಅದು ಕರೆಂಟ್ ಕಡಿಮೆ ಹರಿಸುವ ಜಾತಿಯದ್ದು, ಟಿಗ್‌ಗೆ ಆಗುವಂಥದ್ದು ಎಂದು ಬರೆದಿರಬೇಕು. ಸುಮ್ನೆ "ವೆಲ್ಡಿಂಗ್ ಕೂಲೆಂಟ್" ಎಂದರೆ ಸಾಲದು. ಅಲ್ಯೂಮಿನಿಯಂ ಭಾಗಗಳನ್ನು ಕಾಯಲೆಂದೇ ಮಾಡಿದ ಬೇರೊಂದು ಜಾತಿಯೂ ಉಂಟು. ಅದು ಮಿಗ್ (ತಂತಿಯೇ ಕರಗಿ ಬೆಸೆಯುವ ಇನ್ನೊಂದು ಬಗೆಯ ವೆಲ್ಡಿಂಗ್) ಟಾರ್ಚಿಗೆ ಸರಿ, ಅಲ್ಲಿ ಹೈ ಫ್ರೀಕ್ವೆನ್ಸಿ ಕಿಡಿಯೇ ಇಲ್ಲ. ಟಿಗ್‌ಗೆ ಅದನ್ನು ಹಾಕಿದರೆ ಮತ್ತೆ ಕಿಡಿ ಸೋರುತ್ತದೆ. ಕೂಲರ್ ಒಂದೇ ಇದ್ದು ಟಿಗ್, ಮಿಗ್ ಎರಡಕ್ಕೂ ಬಳಸುವವರು ಟಿಗ್‌ನ ಮಾತು ಕೇಳಿ ಆರಿಸಬೇಕು.

ಹೆಚ್ಚಿನ ಕೂಲೆಂಟಿನಲ್ಲಿ ಗ್ಲೈಕಾಲ್ ಇರುತ್ತದೆ. ಅದರ ಮುಖ್ಯ ಕೆಲಸ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ಯುರೋಪಿನ ಚಳಿಗೆ ಅದು ಬೇಕೇ ಬೇಕು. ನಮ್ಮಲ್ಲಿ ಡಿಸೆಂಬರ್ ಬೆಳಗಿನ ಜಾವಕ್ಕೂ ಒಂದು ತೆಳ್ಳಗಿನ ಹೊದಿಕೆ ಸಾಕು. ಮೈನಸ್ 30ಕ್ಕೂ ಗಟ್ಟಿಯಾಗುವುದಿಲ್ಲ ಎಂಬ ಜಾಹೀರಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಗ್ಲೈಕಾಲ್ ಹೆಚ್ಚಾದಷ್ಟೂ ನೀರು ದಪ್ಪಗಾಗುತ್ತದೆ, ಹರಿವು ಕಡಿಮೆ, ಬಿಸಿ ಹೊರುವ ಶಕ್ತಿಯೂ ಕಡಿಮೆ. ಹಾಗೆಂದು ತೀರಾ ತೆಳ್ಳಗೆ ಮಾಡಿದರೂ ಅಪಾಯವೇ. 20 ಶೇಕಡಕ್ಕಿಂತ ಕಡಿಮೆ ಗ್ಲೈಕಾಲ್ ಬ್ಯಾಕ್ಟೀರಿಯಾಕ್ಕೆ ಊಟ. ಸೆಕೆಯ ಶೆಡ್ಡಿನಲ್ಲಿ ಲೋಳೆ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಆದ್ದರಿಂದ ರೆಡಿ ಮಿಶ್ರಣ ತಂದರೆ ಅದಕ್ಕೆ ನೀರು ಬೆರೆಸಿ ಉಳಿತಾಯ ಮಾಡಲು ಹೋಗಬೇಡಿ.

ಟಾರ್ಚಿನ ಕೂಲೆಂಟ್ ನಮ್ಮ ಪೇಟೆಯಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ, ಮಂಗಳೂರಿನಿಂದ ತರಿಸಬೇಕಾಗುತ್ತದೆ. ಅಲ್ಲಿಯವರೆಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಡೆಯುತ್ತದೆ. ಹಿಮ ಬೀಳದ ಊರಿನಲ್ಲಿ ಅದು ಕಳ್ಳ ಉಪಾಯವೇನಲ್ಲ. ನಾನೇ ಎಷ್ಟೋ ಕಡೆ ಹಾಕಿಸಿದ್ದೇನೆ. ಆದರೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಕಿಲುಬು ತಡೆಯುವ ಮದ್ದಿಲ್ಲ, ಪಾಚಿ ತಡೆಯುವುದೂ ಇಲ್ಲ, ಪಂಪಿಗೆ ಜಾರುವ ಗುಣವೂ ಇಲ್ಲ. ತಿಂಗಳು, ಎರಡು ತಿಂಗಳಿಗೊಮ್ಮೆ ಪೂರ್ತಿ ಬದಲಿಸಬೇಕು. ಕೂಲರಿನ ಪುಸ್ತಕದಲ್ಲಿ ಬೇಡ ಎಂದಿದ್ದರೆ ಹಾಕಲೇಬೇಡಿ. ಇನ್ನೊಂದು ಎಚ್ಚರ, ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನೂ ಆಸಿಡ್ ಕ್ಯಾನೂ ಅಣ್ಣತಮ್ಮಂದಿರ ಹಾಗೆ ಪಕ್ಕಪಕ್ಕ ಕೂತಿರುತ್ತವೆ. ಲೇಬಲ್ ಓದಿ ತನ್ನಿ.

ಬಂದರಿನ ಹತ್ತಿರ ಕೆಲಸ ಮಾಡುವವರದ್ದು ಬೇರೆಯೇ ಕಥೆ. ಮೀನಿಗೆ ಹಾಕುವ ಐಸ್ ಕೈಗೆಟುಕುತ್ತದೆ. ಟಾರ್ಚ್ ಬಿಸಿಯಾಯಿತೆಂದು ಒಬ್ಬರು ಟ್ಯಾಂಕಿಗೆ ಐಸ್ ಗಡ್ಡೆಯನ್ನೇ ಇಳಿಸಿದ್ದರು. ಬುದ್ಧಿವಂತಿಕೆಗೆ ಮೆಚ್ಚಬೇಕು! ಆದರೆ ಅದು ಜುಲೈ ತಿಂಗಳು. ಗಾಳಿಯನ್ನು ಹಿಂಡಿದರೆ ನೀರು ಬರುವ ಕಾಲ. ಆ ಗಾಳಿಯಲ್ಲಿ 24 ಡಿಗ್ರಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ನೀರ ಹನಿ ಕೂರುತ್ತದೆ, ಫ್ರಿಡ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ. ಟಾರ್ಚಿನ ತಲೆಯೂ ಬೆವರಿತು. ಆ ತೇವ ಆರ್ಗಾನ್ ಜೊತೆ ಹೋಗಿ ಅಲ್ಯೂಮಿನಿಯಂ ಬೆಸುಗೆಯ ತುಂಬ ಸಣ್ಣ ಸಣ್ಣ ತೂತು. ಅವರು ಗ್ಯಾಸ್ ಸಿಲಿಂಡರ್ ಸರಿಯಿಲ್ಲವೆಂದು ಎರಡು ಸಲ ಬದಲಿಸಿದ್ದರು. ಕೂಲರಿನ ನೀರು ಕೋಣೆಯ ಗಾಳಿಗಿಂತ ತಣ್ಣಗಿರಬೇಕಾಗಿಲ್ಲ. ಕೈಗೆ ಉಗುರುಬೆಚ್ಚಗೆ ಇದ್ದರೂ ಪರವಾಗಿಲ್ಲ, ಹರಿಯುತ್ತಿರಬೇಕು ಅಷ್ಟೇ.

ಹರಿವು ನೋಡಲು ಮೀಟರ್ ಬೇಡ. ಮಿಷನ್ ಆಫ್ ಮಾಡಿ, ಕೂಲರ್ ಮಾತ್ರ ಓಡಿಸಿ. ವಾಪಸ್ ಬರುವ ಪೈಪನ್ನು ಒಂದು ಲೀಟರ್ ಬಾಟಲಿಗೆ ಹಿಡಿಯಿರಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಸಾಮಾನ್ಯ ಟಿಗ್ ಟಾರ್ಚಿಗೆ ಸಾಕು. ನಿಮಿಷಕ್ಕೆ ಒಂದು ಲೀಟರ್ ನೀರು 10 ಡಿಗ್ರಿ ಬಿಸಿಯಾಗಿ ಮರಳಿದರೆ ಸುಮಾರು 700 ವ್ಯಾಟ್ ಶಾಖ ಹೊತ್ತು ತಂದಿದೆ ಎಂದು ಲೆಕ್ಕ, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಬಾಟಲಿ ತುಂಬಲು ಎರಡು ನಿಮಿಷ ಹಿಡಿದರೆ ಕೂಲರಿನ ಜಾಲರಿಯಲ್ಲೋ ಟಾರ್ಚಿನ ತಲೆಯಲ್ಲೋ ಕಸ ಕೂತಿದೆ. ಆಗ ಕಂಪ್ರೆಸರಿನ ಪೂರ್ತಿ ಗಾಳಿ ಬಿಟ್ಟು ಊದಬೇಡಿ, ಪೈಪ್ ಒಡೆಯುತ್ತದೆ.

ಬಾಯಾರಿನ ಟ್ಯಾಂಕ್ ಖಾಲಿ ಮಾಡಿ, ಜಾಲರಿ ತಿಕ್ಕಿ, ಡಿಸ್ಟಿಲ್ಡ್ ವಾಟರ್ ತುಂಬಿ ಹತ್ತು ನಿಮಿಷ ಓಡಿಸಿ ಚೆಲ್ಲಿದೆವು. ಮೊದಲ ಸಲ ಚಹಾದ ಬಣ್ಣ, ಎರಡನೇ ಸಲ ಮಜ್ಜಿಗೆ ನೀರಿನ ಬಣ್ಣ, ಮೂರನೇ ಸಲ ತಿಳಿ. ಆಮೇಲೆ ಹೊಸ ಕೂಲೆಂಟ್. ಅರ್ಧ ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಬೇಡವೇ ಬೇಡ. ಬೇರೆ ಬೇರೆ ಕಂಪನಿಯದ್ದನ್ನು ಬೆರೆಸುವುದೂ ಬೇಡ. ಹೊಸದು ಸುರಿದ ದಿನ ಟಿಡಿಎಸ್ ಮೀಟರ್ ಎಷ್ಟು ತೋರಿಸಿತು ಎಂದು ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ತಾರೀಕಿನೊಂದಿಗೆ ಬರೆದೆ. ಕೂಲೆಂಟಿನಲ್ಲಿ ಆ ಮೀಟರಿನ ಅಂಕಿ ಅಷ್ಟು ಕರಾರುವಾಕ್ಕಲ್ಲ, ಆದರೆ ಏರುತ್ತಿದೆಯೋ ಇಲ್ಲವೋ ತಿಳಿಯಲು ಸಾಕು. ನಾನು ಹೇಗೂ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಪೂರ್ತಿ ಬದಲಿಸಲು ಹೇಳುತ್ತೇನೆ.

ತೆಗೆದ ಹಳೆಯ ನೀರನ್ನು ಅವರು ಅಡಿಕೆ ಮರದ ಬುಡಕ್ಕೆ ಹಾಕಲು ಹೊರಟಿದ್ದರು. ತಡೆದೆ. ಕಾರಿನ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ಅದು ವಿಷ. ಆದರೆ ರುಚಿ ಸಿಹಿ. ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ, ಮಕ್ಕಳಿಗೂ ಅದೇ ಅಪಾಯ. ಪ್ರೊಪಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಕ್ಕಿದರೆ ಅದು ಇದಕ್ಕಿಂತ ಎಷ್ಟೋ ವಾಸಿ. ಆ ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ ಕೆಳಗೆ ಸುರಂಗದ ನೀರು ಬಂದು ಬೀಳುವ ಟ್ಯಾಂಕಿ ಇತ್ತು. ಹಳೆಯದನ್ನು ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, "ವಿಷ" ಎಂದು ಬರೆದು ಅಟ್ಟದ ಮೇಲಿಟ್ಟೆವು. ಉಪ್ಪಳಕ್ಕೆ ಬರುವಾಗ ಗ್ಯಾರೇಜಿನವರ ಹಳೆ ಎಣ್ಣೆ ಒಯ್ಯುವವರಲ್ಲಿ ವಿಚಾರಿಸುತ್ತೇನೆ ಎಂದಿದ್ದೇನೆ.

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಸುರಂಗದ ನೀರಿನದ್ದೇ. ಒಳ್ಳೆಯದಿತ್ತು.